ದಿನಕ್ಕೆ ನಲವತ್ತು, ತಿಂಗಳಿಗೆ ಸಾವಿರ

ಈ ದಂಪತಿಯನ್ನು ಇಲ್ಲಿ ಸರೋಜಾ ಮತ್ತು ಪರಮೇಶ ಎಂದು ಕರೆಯುತ್ತೇನೆ. ಹೆಸರು, ವಯಸ್ಸು, ಬಡಾವಣೆ ಎಲ್ಲವನ್ನೂ ಬದಲಿಸಿದ್ದೇನೆ. ಹಣದ ಅಂಕಿಗಳನ್ನು ಮಾತ್ರ ಇಬ್ಬರ ಒಪ್ಪಿಗೆ ಪಡೆದು ಹಾಗೆಯೇ ಬಿಟ್ಟಿದ್ದೇನೆ. ಅವುಗಳನ್ನು ತೆಗೆದರೆ ಈ ಪ್ರಕರಣದಲ್ಲಿ ಹೇಳುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಪರಮೇಶ ದಾವಣಗೆರೆಯ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಗಾರ. ಸಂಬಳವಿಲ್ಲ, ಸುತ್ತಿದ ಮೋಟಾರಿಗೆ ಇಷ್ಟು ಎಂದು ಕೂಲಿ. ಬೇಸಿಗೆಯಲ್ಲಿ ಕೊಳವೆಬಾವಿಯ ಪಂಪುಗಳು ಹಗಲಿರುಳು ಓಡಿ ಸುಟ್ಟುಹೋಗುವಾಗ ಕೈತುಂಬ ಕೆಲಸ. ಮಳೆ ಹಿಡಿದರೆ ಅಂಗಡಿ ಭಣಭಣ. ಮಕ್ಕಳ ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಸರೋಜಾ ಬಟ್ಟೆ ಅಂಗಡಿಗಳ ಬೀದಿಯ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಕುಳಿತು ಸೀರೆಗೆ ಫಾಲ್ ಹಚ್ಚುತ್ತಾರೆ, ಸೆರಗಿಗೆ ಕುಚ್ಚು ಕಟ್ಟುತ್ತಾರೆ. ಇಬ್ಬರು ಮಕ್ಕಳು, ಹೈಸ್ಕೂಲಿನಲ್ಲಿ ಒಬ್ಬಳು, ಪ್ರಾಥಮಿಕ ಶಾಲೆಯಲ್ಲಿ ಒಬ್ಬ.

ಸರೋಜಾರನ್ನು ಸಲಹೆಗೆಂದು ನನ್ನ ಬಳಿಗೆ ಕಳುಹಿಸಿದ್ದು ವೈದ್ಯರು. ಕೆಲಸದ ಜಾಗದಲ್ಲಿ ತಲೆ ತಿರುಗಿ ಬಿದ್ದಿದ್ದರು, ಹಿಮೋಗ್ಲೋಬಿನ್ 8ರ ಆಸುಪಾಸಿನಲ್ಲಿತ್ತು. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ, ಈಕೆ ಮಧ್ಯಾಹ್ನ ಊಟವನ್ನೇ ಮಾಡುವುದಿಲ್ಲ ಎಂದು ತಿಳಿದಿತ್ತು. ಏಕೆ ಎಂಬುದು ತಿಳಿಯಲಿಲ್ಲ.

ಉತ್ತರ ಅವರ ಕೈಚೀಲದಲ್ಲೇ ಇತ್ತು. ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನ ಹಳೆಯ ಹಾಳೆಗಳು, ನಾಲ್ಕಾಗಿ ಮಡಚಿದವು. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕ ಬರೆಯುವ ಆ ಚೌಕಗಳಲ್ಲಿ ಹಾಲಿನ ಜೊತೆಗೆ ಇನ್ನೂ ಮೂರು ಗುರುತುಗಳಿದ್ದವು. ‘ಪಿ 40’ ಎಂದರೆ ಪಿಗ್ಮಿಗೆ, ಅಂದರೆ ಏಜೆಂಟರು ದಿನವೂ ಬಂದು ಪಡೆಯುವ ಸಣ್ಣ ಠೇವಣಿಗೆ, ಕಟ್ಟಿದ್ದು. ‘ನ 20’ ಎಂದರೆ ಷೇರ್ ಆಟೋ ಹತ್ತದೆ ಎರಡೂ ಹೊತ್ತು ನಡೆದು ಉಳಿಸಿದ್ದು. ‘ಊ 30’ ಎಂದರೆ ಊಟ ಬಿಟ್ಟು ಚಹಾ ಬನ್ನಿನಲ್ಲಿ ಮುಗಿಸಿದ್ದು. ತಿಂಗಳ ಕೊನೆಗೆ ಕೂಡಿಸಿ ಬರೆದ ಮೊತ್ತದ ಸುತ್ತ ಕೆಂಪು ಶಾಯಿಯ ಗೆರೆ. ಊ ಇಲ್ಲದ ಚೌಕಗಳು ಹೆಚ್ಚಾಗಿ ಭಾನುವಾರದವು.

“ನಾನು ಇಷ್ಟು ಮಾಡುವುದು ಇವರಿಗೆ ಹಾಸ್ಯ ಮೇಡಂ. ಚಿಲ್ಲರೆ ಕೂಡಿಸಿ ಸೈಟು ಕೊಳ್ಳುತ್ತೀಯಾ ಎಂದು ಮಕ್ಕಳೆದುರಿಗೇ ಕೇಳುತ್ತಾರೆ. ನೀವೇ ಹೇಳಿ, ಇದರಿಂದ ಏನಾದರೂ ಪ್ರಯೋಜನ ಇದೆಯೇ, ಇಲ್ಲವೇ?”

ಪ್ರಶ್ನೆ ಇಷ್ಟು ನೇರವಾಗಿ ಬರುವುದು ಅಪರೂಪ. ಆದರೆ ಒಬ್ಬರ ಲೆಕ್ಕ ಮಾತ್ರ ನೋಡಿ ಉತ್ತರಿಸುವಂತಿರಲಿಲ್ಲ. ಪರಮೇಶರನ್ನೂ ಕರೆಸಿದೆ.

ಅವರು ಬಂದವರೇ ಮೊಬೈಲ್ ತೆಗೆದು ಲೆಕ್ಕ ಹಾಕಿ ತೋರಿಸಿದರು. ದಿನಕ್ಕೆ 40, ವರ್ಷಕ್ಕೆ 14,400. ಅವರ ಬಡಾವಣೆಯಲ್ಲಿ ಸಣ್ಣದೊಂದು ಸೈಟಿಗೆ 15 ಲಕ್ಷ. “ನೂರಾ ನಾಲ್ಕು ವರ್ಷ ಮೇಡಂ. ಅದೂ ಅಲ್ಲಿಯವರೆಗೆ ಸೈಟಿನ ಬೆಲೆ ಏರದಿದ್ದರೆ.” ಹನಿಗೂಡಿದರೆ ಹಳ್ಳ ಎಂದು ಸರೋಜಾ ಮೆಲ್ಲನೆ ಹೇಳಿದ್ದಕ್ಕೆ, ಹಳ್ಳ ತುಂಬುವ ಮೊದಲು ಬಾಯಾರಿ ಸಾಯುತ್ತೀಯ ಎಂದರು. ಮಾತಿನಲ್ಲಿ ಹಾಸ್ಯವಿತ್ತು, ಮುಖದಲ್ಲಿ ಇರಲಿಲ್ಲ.

ಅವರ ಗುಣಾಕಾರದಲ್ಲಿ ತಪ್ಪಿಲ್ಲ. ಅಳೆಯುವ ಕೋಲು ತಪ್ಪು. ದಿನಗೂಲಿಯ ಮನೆಯಲ್ಲಿ ಸಣ್ಣ ಉಳಿತಾಯವನ್ನು ಸೈಟಿನ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಅದು ಯಾವಾಗಲೂ ಕುಬ್ಜವಾಗಿಯೇ ಕಾಣುತ್ತದೆ. ಬಡ್ಡಿಯ ಪಕ್ಕದಲ್ಲಿ ನಿಲ್ಲಿಸಬೇಕು. ಹಾಗಾಗಿ ನಾನು ಕೇಳಿದ್ದು ಒಂದೇ: ಕಳೆದ ಜೂನ್‌ನಲ್ಲಿ ಶಾಲೆಯ ಶುಲ್ಕ ಹೇಗೆ ಕಟ್ಟಿದಿರಿ?

ಹೊಂದಿಸಿದೆ ಎಂದರು. ಎಲ್ಲಿಂದ ಎಂದಾಗ ಹೆಂಡತಿಯ ಕಡೆ ನೋಡಿದರು. ಇಪ್ಪತ್ತು ಸಾವಿರ ಕೈಸಾಲ, ನೂರಕ್ಕೆ ಐದರ ಬಡ್ಡಿ. ತಿಂಗಳಿಗೆ ಒಂದು ಸಾವಿರ. ಮಳೆಗಾಲದಲ್ಲಿ ಅಸಲಿಗೆ ಕೈ ಹಾಕಲಾಗಲಿಲ್ಲ, ಬಡ್ಡಿ ಮಾತ್ರ ತಪ್ಪಿಸಿಲ್ಲ. ಎಂಟು ತಿಂಗಳಲ್ಲಿ ಎಂಟು ಸಾವಿರ ಕಟ್ಟಿಯಾಗಿತ್ತು, ಇಪ್ಪತ್ತು ಸಾವಿರ ಹಾಗೆಯೇ ನಿಂತಿತ್ತು. ಮನೆಯಲ್ಲಿ ಹೇಳಿರಲಿಲ್ಲ.

ಸರೋಜಾ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಮ್ಮ ಲೆಕ್ಕ ಹೇಳಿದರು. ಪಿಗ್ಮಿಯಲ್ಲಿ 13,200, ಸಾಸಿವೆ ಡಬ್ಬಿಯಲ್ಲಿ 4,350. ಡಬ್ಬಿಯ ವಿಷಯ ಪರಮೇಶರಿಗೆ ಗೊತ್ತಿರಲಿಲ್ಲ. ಪಿಗ್ಮಿ ಗೊತ್ತಿತ್ತು, ಮೊತ್ತ ಗೊತ್ತಿರಲಿಲ್ಲ.

ಅಲ್ಲಿಗೆ ಚಿತ್ರ ಸ್ಪಷ್ಟವಾಯಿತು. ಒಂದೇ ಸೂರಿನಡಿ ಒಬ್ಬರು ಊಟ ಬಿಟ್ಟು ಎಂಟು ತಿಂಗಳಲ್ಲಿ 9,600 ರೂಪಾಯಿ ಕೂಡಿಟ್ಟಿದ್ದರು. ಇನ್ನೊಬ್ಬರು ಅದೇ ಎಂಟು ತಿಂಗಳಲ್ಲಿ 8,000 ಬಡ್ಡಿ ತೆತ್ತಿದ್ದರು. ಅವರ ಸಂಘ ಪಿಗ್ಮಿಗೆ ಕೊಡುತ್ತಿದ್ದದ್ದು ವರ್ಷಕ್ಕೆ ಶೇ 4. ನೂರಕ್ಕೆ ಐದರ ಕೈಸಾಲ ಎಂದರೆ ವರ್ಷಕ್ಕೆ ಶೇ 60. ಊರಿನಲ್ಲಿ ಎಲ್ಲರೂ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲೇ ಹೇಳುವುದರಿಂದ ಐದು ಎಂಬುದು ನಾಲ್ಕರ ನೆರೆಮನೆಯಂತೆ ಕೇಳಿಸುತ್ತದೆ. ಅತಿಬಡ್ಡಿಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 2004ರಿಂದಲೇ ಇದೆ, ಬೇಕಾದರೆ ದೂರು ಕೊಡಬಹುದು ಎಂದೂ ತಿಳಿಸಿದೆ. ಪರಮೇಶ ಬೇಡವೆಂದರು. ಸಾಲ ಕೊಟ್ಟವರು ಅದೇ ಬೀದಿಯವರು, ನಾಳೆಯೂ ಮುಖ ನೋಡಬೇಕು.

ಈ ಹಂತದಲ್ಲಿ ಅನೇಕ ಹಿರಿಯರು ಕೊಡುವ ತೀರ್ಪು ನನಗೆ ಗೊತ್ತು: ಅವಳ ಗಂಟು ಒಡೆದು ಅವನ ಸಾಲ ತೀರಿಸಿ, ಎಲ್ಲ ಒಂದೇ ಮನೆ ತಾನೇ. ಲೆಕ್ಕದ ದೃಷ್ಟಿಯಿಂದ ಅದು ಸರಿ. ಶೇ 60ರ ಸಾಲ ಇಟ್ಟುಕೊಂಡು ಶೇ 4ಕ್ಕೆ ಉಳಿಸುವುದರಲ್ಲಿ ಅರ್ಥವಿಲ್ಲ. ಆದರೆ ಆ ಹಣ ಊ ಎಂಬ ಅಕ್ಷರದಿಂದ ಬಂದದ್ದು. ಕೊಡುವುದಿಲ್ಲ ಎನ್ನುವ ಹಕ್ಕು ನಿಮಗಿದೆ ಎಂದು ಸರೋಜಾರಿಗೆ ಪರಮೇಶರ ಎದುರಿಗೇ ಹೇಳಿದೆ, ಒಂದು ವಾರ ಯೋಚಿಸಿ ಬನ್ನಿ ಎಂದೆ.

ಮುಂದಿನ ಭೇಟಿಗೆ ಪರಮೇಶ ಒಬ್ಬರೇ ಮೊದಲು ಬಂದು ಕುಳಿತರು. ಅಂದು ಅವರ ತಾಯಿಯ ವಿಷಯ ಬಂತು. ಆಕೆಯೂ ಕಾಸಿಗೆ ಕಾಸು ಗಂಟು ಹಾಕಿದವರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ನಿಗೆ ದುಡ್ಡೆಲ್ಲಿದೆ ಎನ್ನುತ್ತಾ ಗೋಡೆ ಸವರಿಕೊಂಡು ಓಡಾಡುತ್ತಿದ್ದರು. 2017ರಲ್ಲಿ, ಯುಗಾದಿಗೆ ಮುಂಚೆ ತೀರಿಕೊಂಡರು. ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ರದ್ದಾದ ಹಳೆಯ ಐನೂರರ ನೋಟುಗಳು ಸಿಕ್ಕವು. ಇಪ್ಪತ್ಮೂರು ನೋಟು, ಹನ್ನೊಂದೂವರೆ ಸಾವಿರ. ಬ್ಯಾಂಕಿಗೆ ಕಟ್ಟುವ ಗಡುವು 2016ರ ಡಿಸೆಂಬರ್ 30ಕ್ಕೇ ಮುಗಿದಿತ್ತು. “ಹಂಡೆ ಒಲೆಗೆ ಹಾಕಿದೆ ಮೇಡಂ. ಆ ದುಡ್ಡಿನಲ್ಲಿ ಕಣ್ಣು ಬರುತ್ತಿತ್ತು. ಈಗ ಇವಳು ಸೂಜಿಗೆ ದಾರ ಪೋಣಿಸಲು ಮಗನನ್ನು ಕರೆಯುತ್ತಾಳೆ. ಕನ್ನಡಕ ತೆಗೆದುಕೋ ಎಂದರೆ ಮುಂದಿನ ತಿಂಗಳು ಎನ್ನುತ್ತಾಳೆ.”

ಉಳಿತಾಯ ವ್ಯರ್ಥ ಎಂದು ಅವರು ವಾದಿಸುತ್ತಿದ್ದದ್ದು ಎಲ್ಲಿಂದ ಬಂದದ್ದೆಂದು ತಿಳಿಯಿತು. ಸೈಟಿನ ಲೆಕ್ಕ ಬರಿಯ ನೆಪ. ಹೆಂಡತಿಯಲ್ಲಿ ಅವರು ತಾಯಿಯನ್ನು ಕಾಣುತ್ತಿದ್ದರು, ಹೆದರುತ್ತಿದ್ದರು. ಹೆದರಿಕೆಯನ್ನು ಹೇಳಲು ಬಾರದೆ ಗೇಲಿ ಮಾಡುತ್ತಿದ್ದರು. ಸರೋಜಾ ಒಳಗೆ ಬಂದ ಮೇಲೆ ಅದೇ ಮಾತನ್ನು ಅವರ ಮುಂದೆ ಇನ್ನೊಮ್ಮೆ ಹೇಳಿ ಎಂದೆ. ಕಷ್ಟಪಟ್ಟು ಹೇಳಿದರು. ಅತ್ತೆಯ ನೋಟುಗಳ ಸಂಗತಿ ಅಲ್ಲಿಯವರೆಗೆ ಸರೋಜಾರಿಗೆ ತಿಳಿದಿರಲಿಲ್ಲ.

ಕೊಟ್ಟ ಸಲಹೆಗೆ ಬರುತ್ತೇನೆ.

ಮೊದಲನೆಯದಾಗಿ, ಊ ಎಂಬ ಗುರುತು ಕ್ಯಾಲೆಂಡರಿನಿಂದ ಹೋಗಬೇಕು. ಹೊಟ್ಟೆಯಿಂದ ಕದ್ದದ್ದನ್ನು ಉಳಿತಾಯದ ಕಾಲಮ್ಮಿನಲ್ಲಿ ಬರೆಯುವಂತಿಲ್ಲ. ಅವರು ಬಿದ್ದ ದಿನದ ಆಸ್ಪತ್ರೆ, ರಕ್ತಪರೀಕ್ಷೆ, ತಪ್ಪಿದ ಕೂಲಿ ಸೇರಿಸಿದರೆ ಎರಡು ತಿಂಗಳ ಊ ಕರಗಿಹೋಗಿತ್ತು. ಕನ್ನಡಕವನ್ನು ನಾನು ಖರ್ಚಿನಲ್ಲೇ ಸೇರಿಸಲಿಲ್ಲ. ಕುಚ್ಚು ಕಟ್ಟುವವರಿಗೆ ಕಣ್ಣೇ ಬಂಡವಾಳ. ದಿನಕ್ಕೆ ಒಂದು ಫಾಲ್ ಹೆಚ್ಚಿಗೆ ಮುಗಿದರೂ ಕೆಲವೇ ವಾರಗಳಲ್ಲಿ ಕನ್ನಡಕದ ಹಣ ಹುಟ್ಟುತ್ತದೆ. ನಡಿಗೆಯ ಬಗ್ಗೆ ನಾನೇನೂ ಹೇಳಲಿಲ್ಲ. ರಕ್ತ ಸುಧಾರಿಸುವ ತನಕ ಬಿಸಿಲಿನಲ್ಲಿ ಬೇಡ ಎಂದೆ, ಅಷ್ಟೆ.

ಪಿಗ್ಮಿ ನಿಲ್ಲಿಸಬೇಡಿ ಎಂದೆ. ನಮ್ಮ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು 1928ರಲ್ಲಿ ಈ ಯೋಜನೆ ಆರಂಭಿಸಿದಾಗ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಪಡೆಯುತ್ತಿದ್ದರು. ಅದರ ಗುಟ್ಟು ಬಡ್ಡಿಯಲ್ಲಿ ಇರಲೇ ಇಲ್ಲ. ಸಂಜೆ ಒಬ್ಬರು ಬಂದು ಕೈಚಾಚುತ್ತಾರೆ, ದುಡ್ಡು ಮನೆಯಿಂದ ಹೊರಗೆ ಹೋಗುತ್ತದೆ, ಸುಲಭಕ್ಕೆ ಮರಳುವುದಿಲ್ಲ. ದಿನಗೂಲಿಯವರಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ನನಗೆ ಕಂಡಿಲ್ಲ. ಒಂದು ಎಚ್ಚರಿಕೆ ಮಾತ್ರ ಕೊಟ್ಟೆ. ಸರೋಜಾರ ಪಿಗ್ಮಿ ಇದ್ದದ್ದು ಒಂದು ಪತ್ತಿನ ಸಹಕಾರ ಸಂಘದಲ್ಲಿ. ಬ್ಯಾಂಕುಗಳಲ್ಲಿರುವ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಂಘಗಳಿಗೆ ಆ ವಿಮೆ ಇಲ್ಲ. ಸಂಘ ಒಳ್ಳೆಯದೇ ಇರಬಹುದು, ಆದರೂ ಅವಧಿ ಮುಗಿದಾಗಲೆಲ್ಲ ಮೊತ್ತವನ್ನು ಬ್ಯಾಂಕಿಗೆ ವರ್ಗಾಯಿಸಿ, ಏಜೆಂಟರಿಂದ ಪ್ರತಿದಿನ ರಸೀದಿ ಪಡೆಯಿರಿ ಎಂದೆ.

ಪಿಗ್ಮಿಗೆ ಒಂದು ಹೆಸರು ಇಡಲು ಹೇಳಿದೆ. ಸೈಟಿನ ಹಣ ಎಂದು ಕರೆದರೆ ನೂರಾ ನಾಲ್ಕು ವರ್ಷ ಕಾಡುತ್ತದೆ. ಜೂನ್ ಹಣ ಎಂದರೆ ವರ್ಷಕ್ಕೊಮ್ಮೆ ತನ್ನ ಕೆಲಸ ಮುಗಿಸುತ್ತದೆ. 14,400 ಎಂದರೆ ಅವರ ಜೂನ್ ಸಾಲದ ಮುಕ್ಕಾಲು ಪಾಲಿಗೆ ಹತ್ತಿರ.

ಸಾಲದ ವಿಷಯದಲ್ಲಿ ಸರೋಜಾ ತಮ್ಮ ತೀರ್ಮಾನವನ್ನು ತಾವೇ ತಂದಿದ್ದರು. “ಕೊಡುತ್ತೇನೆ. ದಾನವಾಗಿ ಅಲ್ಲ, ಸಾಲವಾಗಿ.” 15,000 ಕೊಡುವುದು, 2,550 ಡಬ್ಬಿಯಲ್ಲಿ ಉಳಿಸಿಕೊಳ್ಳುವುದು. ಆ ಉಳಿಕೆ ಅಗತ್ಯವಾಗಿತ್ತು. ಗಂಟೆಲ್ಲ ಸಾಲಕ್ಕೆ ಸುರಿದರೆ ಮುಂದಿನ ಜ್ವರಕ್ಕೆ ಮತ್ತೆ ನೂರಕ್ಕೆ ಐದರ ಬಾಗಿಲಿಗೇ ಹೋಗಬೇಕಾಗುತ್ತದೆ. ಪರಮೇಶ ತಿಂಗಳಿಗೆ ಸಾವಿರದಂತೆ ಹೆಂಡತಿಗೆ ಹಿಂದಿರುಗಿಸಬೇಕು. ಹೇಗೂ ಬಡ್ಡಿಗೆಂದು ತೆಗೆದಿಡುತ್ತಿದ್ದ ಸಾವಿರ ಅದು, ದಾರಿ ಮಾತ್ರ ಬದಲಾಯಿತು. ಉಳಿದ ಐದು ಸಾವಿರವನ್ನು ಬೇಸಿಗೆಯ ಸೀಸನ್ನಿನಲ್ಲಿ ತೀರಿಸುವುದು ಅವರ ಪಾಲು. ತೀರಿಸಿದ ದಿನವೇ, ಸಾಲ ಪಡೆಯುವಾಗ ಸಹಿ ಮಾಡಿಕೊಟ್ಟ ಪ್ರೊನೋಟನ್ನೂ ಖಾಲಿ ಚೆಕ್ಕನ್ನೂ ಕೇಳಿ ಹಿಂದಕ್ಕೆ ಪಡೆಯಬೇಕು ಎಂದು ಒತ್ತಿ ಹೇಳಿದೆ. ಹಣ ಕೊಟ್ಟು ಕಾಗದ ಬಿಟ್ಟು ಬಂದು ಎರಡನೆಯ ಸಲ ಕಟ್ಟಿದವರನ್ನು ನೋಡಿದ್ದೇನೆ.

ಪರಮೇಶರಿಗೆ ಅಂಚೆ ಕಚೇರಿಯ ಆರ್.ಡಿ. (ತಿಂಗಳ ಕಂತಿನ ಠೇವಣಿ) ಸೂಚಿಸಿದೆ, ಆದರೆ ಅವರು ಹೇಳಿದ ಎರಡು ಸಾವಿರಕ್ಕೆ ನಾನು ಒಪ್ಪಲಿಲ್ಲ. ತಿಂಗಳಿಗೆ ನೂರರಿಂದಲೂ ಶುರು ಮಾಡಬಹುದು, ಐದು ವರ್ಷದ ಅವಧಿ, ಆಗ ಬಡ್ಡಿ ಶೇ 6.7 ಇತ್ತು. ಕಂತು ತಪ್ಪಿದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ದಂಡ, ನಾಲ್ಕಕ್ಕಿಂತ ಹೆಚ್ಚು ಕಂತು ತಪ್ಪಿದರೆ ಖಾತೆ ಸ್ಥಗಿತಗೊಳ್ಳುತ್ತದೆ. ಆಗಸ್ಟಿನಲ್ಲೂ ಕಟ್ಟಬಲ್ಲಷ್ಟೇ ಮೊತ್ತ ಬರೆಸಬೇಕು, ಏಪ್ರಿಲ್‌ನ ಹುಮ್ಮಸ್ಸಿನಲ್ಲಿ ಬರೆಸಬಾರದು. ಐನೂರಕ್ಕೆ ಇಳಿದರು. ಒಂದು ವರ್ಷ ಕಟ್ಟಿದರೆ ಜಮೆಯ ಅರ್ಧದಷ್ಟು ಸಾಲ ಅಲ್ಲೇ ಸಿಗುತ್ತದೆ, ಆರ್.ಡಿ. ಬಡ್ಡಿಗಿಂತ ಶೇ 2 ಮಾತ್ರ ಹೆಚ್ಚಿಗೆ. ಇದು ಇಬ್ಬರಿಗೂ ಹೊಸ ಸುದ್ದಿಯಾಗಿತ್ತು. ಕರೆಂಟಿನ ಜೊತೆ ಕೆಲಸ ಮಾಡುವವರಾದ್ದರಿಂದ ಪ್ರಧಾನಮಂತ್ರಿ ಸುರಕ್ಷಾ ಮತ್ತು ಜೀವನ ಜ್ಯೋತಿ ವಿಮೆಗಳನ್ನೂ ಮಾಡಿಸಲು ಹೇಳಿದೆ. ವರ್ಷಕ್ಕೆ 20 ಮತ್ತು 436 ರೂಪಾಯಿ.

ಇನ್ನೊಂದು ಸಲಹೆಗೆ ಪರಮೇಶ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಪಿಗ್ಮಿ, ಆರ್.ಡಿ., ಸಾಲ ಎಲ್ಲ ಇಬ್ಬರಿಗೂ ತಿಳಿದಿರಬೇಕು, ನಾಮಿನಿ ಹೆಸರು ಬರೆಸಿರಬೇಕು. ಆದರೆ ಡಬ್ಬಿಯಲ್ಲಿ ತಿಂಗಳಿಗೆ ಮುನ್ನೂರರವರೆಗೆ ಸರೋಜಾ ಏನು ಮಾಡುತ್ತಾರೆಂದು ಯಾರೂ ಕೇಳಬಾರದು. ಪರಮೇಶರ ಜೇಬಿಗೂ ಅಷ್ಟೇ ಮೊತ್ತ, ಅದಕ್ಕೂ ಲೆಕ್ಕ ಬೇಡ. ಗುಟ್ಟು ಬೇಡವೆಂದು ನೀವೇ ಹೇಳಿ ಈಗ ನೀವೇ ಗುಟ್ಟು ಕಲಿಸುತ್ತೀರಲ್ಲ ಎಂದರು. ಇಂಥ ಡಬ್ಬಿ ಇದೆ ಎಂದು ತಿಳಿದಿದ್ದರೆ ಅದು ಗುಟ್ಟಲ್ಲ, ಕೈಖರ್ಚು ಎಂದೆ. ತವರಿಗೆ ಹೋಗುವಾಗ ಮಕ್ಕಳ ಕೈಗಿಡಲು ಹತ್ತು ರೂಪಾಯಿಯನ್ನೂ ಕೇಳಿ ಪಡೆಯಬೇಕಾದ ಹೆಂಗಸು ಊಟ ಬಿಟ್ಟಾದರೂ ಕೂಡಿಡುತ್ತಾಳೆ ಎಂಬುದು ನನ್ನ ಅನುಭವ.

ಮಳೆಗಾಲ ಹಿಡಿದ ಮೇಲೆ ಇಬ್ಬರೂ ಬಂದಿದ್ದರು. ಏಪ್ರಿಲ್‌ನಲ್ಲಿ ಕೈಸಾಲ ಚುಕ್ತಾ ಆಗಿತ್ತು, ಪ್ರೊನೋಟು ಕೈಗೆ ಬಂದಿತ್ತು, ಚೆಕ್ಕಿಗೆ ಎರಡು ಸಲ ಓಡಾಡಬೇಕಾಯಿತಂತೆ. ಈ ಜೂನಿನ ಶುಲ್ಕಕ್ಕೆ ಹಣ ಪೂರ್ತಿ ಸಾಲಲಿಲ್ಲ. ನಾಲ್ಕು ಸಾವಿರವನ್ನು ಸರೋಜಾರ ಅಣ್ಣ ಬಡ್ಡಿಯಿಲ್ಲದೆ ಕೊಟ್ಟರು. ಪರಮೇಶ ಹೆಂಡತಿಗೆ ಈವರೆಗೆ ಮೂರು ಕಂತು ಕಟ್ಟಿದ್ದಾರೆ, ಒಂದು ತಪ್ಪಿದೆ. ಸರೋಜಾ ಕನ್ನಡಕ ಹಾಕಿದ್ದರು, ಹಿಮೋಗ್ಲೋಬಿನ್ 10 ದಾಟಿದೆ. ಮನೆಗೆ ಹೋಗುವಾಗ ಆಟೋ ಹತ್ತುತ್ತಾರೆ, ಬೆಳಿಗ್ಗೆ ತಂಪು ಹೊತ್ತಿನಲ್ಲಿ ಈಗಲೂ ನಡೆಯುತ್ತಾರೆ, ‘ನ 10’ ಎಂದು ಬರೆಯುತ್ತಾರೆ. ಡಬ್ಬಿಯ ಮುನ್ನೂರು ಎಲ್ಲಿ ಹೋಗುತ್ತದೆ ಎಂದು ಪರಮೇಶ ಇನ್ನೂ ಕೇಳುವುದನ್ನು ಬಿಟ್ಟಿಲ್ಲ. ಸರೋಜಾ ಹೇಳುವುದೂ ಇಲ್ಲ.