ಅಕ್ಕೋರೇ, ಮಾಳಿಗಿ ಅಂದ್ರೆ ಏನು?

ಹೋದ ತಿಂಗಳು ಈ ಅಂಕಣದಲ್ಲಿ ಒಂದು ಮಾತು ಕೇಳಿದ್ದೆ. ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಹಾಡುಗಳಲ್ಲಿ ನಿಮಗೆ ತುಂಬ ಇಷ್ಟವಾದ ಸಾಲು ಯಾವುದು, ಅದರಲ್ಲಿ ಅರ್ಥವಾಗದ್ದು ಏನಾದರೂ ಇದೆಯಾ, ಬರೆದು ಕಳಿಸಿ ಅಂತ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದಲೂ ಪತ್ರ ಬಂದವು. ಎರಡು ದಿನ ಕೂತು ಎಲ್ಲವನ್ನೂ ಓದಿದೆ. ತಂಡದವರು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಎಷ್ಟೋ ಹಾಡು ಹಾಡಿದ್ದಾರೆ. ಆದರೆ ನೀವು ಬರೆದು ಕಳಿಸಿದ ಸಾಲುಗಳಲ್ಲಿ ಹೆಚ್ಚಿನವು ಶಿಶುನಾಳ ಷರೀಫರವು. ನನಗೆ ಬಹಳ ಖುಷಿಯಾಯಿತು. ಎಲ್ಲ ಪತ್ರಕ್ಕೂ ಇಲ್ಲಿ ಜಾಗವಿಲ್ಲ. ಕೆಲವಕ್ಕೆ ಉತ್ತರಿಸುತ್ತೇನೆ.

‘ಸೋರುತಿಹುದು ಮನಿಯ ಮಾಳಿಗಿ’ ನನ್ನ ಮೊಬೈಲಿನಲ್ಲಿ ದಿನಾ ಓಡುತ್ತದೆ. ಆದರೆ ಮಾಳಿಗಿ ಅಂದ್ರೆ ಏನಕ್ಕೋರೇ? ಮಹಡಿಯಾ? ನಮ್ಮದು ಹಂಚಿನ ಮನೆ. ಅದೂ ಸೋರುತ್ತದೆ. ಸೂರಿಗೆ ನಾವು ‘ಮಾಡು’ ಅನ್ನುತ್ತೇವಲ್ಲ, ಷರೀಫರು ಹಾಗೆ ಯಾಕೆ ಹೇಳಲಿಲ್ಲ?
*— ಕಾಲೇಜು ವಿದ್ಯಾರ್ಥಿನಿ, ಕೋಡಿಬಾಗ, ಕಾರವಾರ*

ಇದು ನನಗೇ ಬರೆದ ಪ್ರಶ್ನೆ ಅನ್ನಿಸಿತು ಮಗಾ. ನಾನು ಮದುವೆಯಾಗಿ ಬಂದದ್ದು ಅಂಕೋಲೆಗೆ. ಹುಟ್ಟಿದ್ದು ನವಲಗುಂದದ ಅಜ್ಜಿಯ ಮನೆಯಲ್ಲಿ. ಅದು ಮಾಳಿಗೆ ಮನೆ. ಎರಡೂ ಸೂರಿನ ಕೆಳಗೆ ಮಲಗಿದವಳು ನಾನು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನೀರು ನಿಲ್ಲಬಾರದು, ಓಡಬೇಕು. ಅದಕ್ಕೇ ಇಳಿಜಾರು ಮಾಡು. ಮೊದಲು ಮಡ್ಲು (ಹೆಣೆದ ತೆಂಗಿನ ಗರಿ), ಅಡಿಕೆ ಸೋಗೆ ಹೊದೆಸುತ್ತಿದ್ದರು, ಆಮೇಲೆ ಹಂಚು ಬಂತು. ನವಲಗುಂದದ ಕಡೆ ಇದರ ಕಾಲು ಭಾಗ ಮಳೆಯೂ ಇಲ್ಲ. ಅಲ್ಲಿ ಸೂರು ಸಪಾಟು. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಒಂದು ಮೊಳದಷ್ಟು ಮಣ್ಣು. ಅದೇ ಮಾಳಿಗಿ. ಬೇಸಿಗೆಯಲ್ಲಿ ಅಲ್ಲಿ ಮಲಗುತ್ತಿದ್ದೆವು. ಮೆಣಸಿನಕಾಯಿ ಒಣ ಹಾಕುವುದೂ ಅಲ್ಲೇ.

ಈಗ ಹಾಡನ್ನು ಇನ್ನೊಮ್ಮೆ ಕೇಳು. ‘ಮುರುಕು ತೊಲೆಯು ಹುಳುಕು ಜಂತಿ’ ಅಂತ ಬರುತ್ತದೆ ಅಲ್ವಾ? ಮೊದಲು ಮರ ಹೋಯಿತು. ಮುಂದೆ ಕರಕಿ ಹುಲ್ಲು ಬರುತ್ತದೆ, ಇರುವೆ ಬರುತ್ತದೆ, ನೀರಿನ ರಭಸಕ್ಕೆ ತಿಳಿಮಣ್ಣು ಒಳಗೆ ಹೊರಗೆ ಒಂದಾಗುತ್ತದೆ. ಮಣ್ಣಿನ ಸೂರು ಹಾಳಾಗುವುದು ಹಾಗೆಯೇ. ಹುಲ್ಲಿನ ಬೇರು ಮಣ್ಣು ಸೀಳುತ್ತದೆ. ಇರುವೆ ತೂತು ಮಾಡುತ್ತದೆ. ಮಳೆಗೆ ಆ ತೂತೇ ದಾರಿ. ನಮ್ಮ ಅಜ್ಜಿ ಮೇ ತಿಂಗಳಲ್ಲಿ ಕರಕಿಯನ್ನು ಬೇರುಸಹಿತ ಕೀಳಿಸಿ, ಸವಳು ಮಣ್ಣು ಹಾಕಿಸಿ ತುಳಿಸುತ್ತಿದ್ದಳು. ಆ ಮಣ್ಣಲ್ಲಿ ಹುಲ್ಲು ಬೇಗ ಹುಟ್ಟುವುದಿಲ್ಲ.

ಷರೀಫರು ಮನೆ ಅಂದದ್ದು ಈ ದೇಹಕ್ಕೆ. ‘ಅಜ್ಞಾನದಿಂದ’ ಸೋರುತ್ತಿದೆ ಅಂತ ಅವರೇ ಬಿಡಿಸಿ ಹೇಳಿದ್ದಾರೆ. ಇದು ಎಲ್ಲರಿಗೂ ಗೊತ್ತು. ನಾನು ಹೇಳುವುದು ಬೇರೆ. ದೇಹ, ಅಜ್ಞಾನ ಎಲ್ಲ ಆಮೇಲೆ ನೋಡೋಣ. ಮೊದಲು ಆ ಜಂತಿ ನೋಡು, ಆ ಕರಕಿ ನೋಡು. ಸೋರುವ ಮನೆಯಲ್ಲಿ ರಾತ್ರಿ ಎದ್ದು ಪಾತ್ರೆ ಇಟ್ಟವರಿಗೆ ಆ ಹಾಡು ಬೇಗ ತಟ್ಟುತ್ತದೆ. ನಿನ್ನ ಮನೆಯ ಹಂಚು ಮಳೆಗೆ ಮುಂಚೆ ಒಮ್ಮೆ ಕೈಯಾಡಿಸಲು ಅಪ್ಪನಿಗೆ ಹೇಳು. ಒಡೆದ ಹಂಚು ಒಂದೇ ಇದ್ದರೂ ಸಾಕು, ಅದರ ಕೆಳಗಿನ ಮರದ ರೀಪು ಕೊಳೆಯುತ್ತದೆ.

ನೀವು ನಮಗೆ ಹೈಸ್ಕೂಲಿನಲ್ಲಿ ಹಳಗನ್ನಡ ಕಲಿಸಿದವರು. ಗಿಟಾರಿನ ಹಾಡು ಯಾವಾಗಿನಿಂದ ಕೇಳುತ್ತೀರಿ ಅಕ್ಕೋರೇ?
*— ನಿಮ್ಮ ಹಳೆಯ ವಿದ್ಯಾರ್ಥಿ, ಅವರ್ಸಾ*

2013ರಿಂದ. ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಅವನನ್ನು ಬಿಡಲು ಅಂಕೋಲೆಯಿಂದ ಬಸ್ಸಿನಲ್ಲಿ ಹೊರಟಿದ್ದೆವು. ಅರಬೈಲ್ ಘಟ್ಟದಲ್ಲಿ ಲಾರಿಯೊಂದು ಕೆಟ್ಟು ನಿಂತು, ಹಿಂದೆ ಮುಂದೆ ಗಾಡಿಗಳ ಸಾಲು. ಎರಡು ಗಂಟೆ ಅಲ್ಲೇ. ಮಗ ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ ಇಟ್ಟ. ‘ಲೋಕದ ಕಾಳಜಿ ಮಾಡತೇನಂತಿ, ನಿಂಗ್ಯಾರು ಬ್ಯಾಡಂತಾರ ಮಾಡಪ್ಪ ಚಿಂತಿ’. ಅಜ್ಜಿಯ ಮನೆಯ ಮಾತು ಅದು. ಊರು ಬಿಟ್ಟು ಇಪ್ಪತ್ತೈದು ವರ್ಷವಾದ ಮೇಲೆ ಆ ‘ಚಿಂತಿ’ ಅನ್ನುವ ಉಚ್ಚಾರ ಕಿವಿಯೊಳಗೇ ಕೇಳಿತು. ಕಣ್ಣಲ್ಲಿ ನೀರು ಬಂತು. ಆ ವರ್ಷವೇ ಬಂದ ‘ಜಗ್ ಚಂಗಾ’ ಆಲ್ಬಮ್ಮಿನ ಹಾಡು ಅಂತ ಆಮೇಲೆ ಮಗ ಹೇಳಿದ.

ಆ ದಾರಿಯ ಪಕ್ಕದಲ್ಲೇ ನಮ್ಮ ಗಂಗಾವಳಿ ಹರಿಯುತ್ತದೆ. ಧಾರವಾಡದ ಕಡೆ ಶಾಲ್ಮಲೆಯಾಗಿ ಹುಟ್ಟಿ, ಬೇಡ್ತಿಯ ಜೊತೆ ಸೇರಿ, ಗಂಗಾವಳಿಯಾಗಿ ನಮ್ಮ ಸಮುದ್ರಕ್ಕೆ ಬರುವ ನೀರು. ಷರೀಫರ ಶಿಶುನಾಳವೂ ದೂರವಿಲ್ಲ. ಅದು ಶಿಗ್ಗಾಂವಿ ತಾಲೂಕಿನಲ್ಲಿದೆ. ನಮ್ಮ ಜಿಲ್ಲೆಯ ಮುಂಡಗೋಡ ತಾಲೂಕಿಗೆ ತಾಗಿಕೊಂಡ ತಾಲೂಕು ಅದು. ಹಾಗಾಗಿ ಈ ಹಾಡು ಬೆಂಗಳೂರಿನಿಂದ ಬಂತು ಅಂತ ನನಗೆ ಅನ್ನಿಸುವುದೇ ಇಲ್ಲ.

ನಾನು ಅಶ್ವಥ್ ಅವರ ದನಿಯಲ್ಲಿ ಷರೀಫರನ್ನು ಕೇಳಿ ಬೆಳೆದವನು. ಮಗಳು ಬ್ಯಾಂಡಿನದ್ದೇ ಚೆನ್ನ ಅನ್ನುತ್ತಾಳೆ. ತೋಟದಿಂದ ಬಂದು ಊಟಕ್ಕೆ ಕೂತರೆ ಇದೇ ಚರ್ಚೆ. ಡ್ರಮ್ಸು, ಗಿಟಾರು ಹಾಕಿದರೆ ತತ್ವಪದ ಕೆಡುವುದಿಲ್ಲವೇ?
*— ಅಡಿಕೆ ಬೆಳೆಗಾರರು, ಶಿರಸಿ*

ಕೆಡುವುದಿಲ್ಲ ಅಂತಲೇ ನನ್ನ ಅಭಿಪ್ರಾಯ. ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ದನಿ ನಮ್ಮಲ್ಲಿ ಯಾರೂ ಕೇಳಿಲ್ಲ. ಪದಗಳು ಉಳಿದದ್ದು ಭಜನೆಯವರ ಬಾಯಲ್ಲಿ. ನಮ್ಮೂರ ಭಜನೆಯಲ್ಲಿ ಏಕತಾರಿ, ದಮ್ಮಡಿ ಇರುತ್ತಿದ್ದವು. 1990ರ ‘ಸಂತ ಶಿಶುನಾಳ ಷರೀಫ’ ಸಿನಿಮಾಕ್ಕೆ ಅಶ್ವಥ್ ಸಂಗೀತ ಮಾಡಿದಾಗ ಅವರೂ ತಮ್ಮ ಕಾಲದ ವಾದ್ಯಗಳನ್ನೇ ತಂದರು. ನಮ್ಮ ತಲೆಮಾರಿಗೆ ಷರೀಫರು ಅಂದರೆ ಅಶ್ವಥ್ ದನಿ. ನಿಮ್ಮ ಮಗಳ ತಲೆಮಾರಿಗೆ ಕಾಲಿಗೆ ಗೆಜ್ಜೆ ಕಟ್ಟಿ ಲುಂಗಿ ಉಟ್ಟು ಕುಣಿಯುವ ರಘು ದೀಕ್ಷಿತ್ ದನಿ.

ಆದರೂ ಎಲ್ಲವೂ ಒಂದೇ ಅಂತ ನಾನು ಹೇಳುವುದಿಲ್ಲ. ‘ಸೋರುತಿಹುದು’ ಹಾಡನ್ನು ನಾನು ಇವತ್ತಿಗೂ ಅಶ್ವಥ್ ಅವರಲ್ಲೇ ಕೇಳುವುದು. ಆ ದನಿಯಲ್ಲಿ ದಣಿವಿದೆ. ‘ಕೋಡಗನ ಕೋಳಿ ನುಂಗಿತ್ತ’ ಮಾತ್ರ ಬ್ಯಾಂಡಿನದ್ದು ಬೇಕು. ಆ ಹಾಡಿಗೆ ಕುಣಿತ ಬೇಕು. ಹುಡುಗರ ಗಲಾಟೆ ಬೇಕು. ಮಗಳಿಗೆ ಇಷ್ಟು ಹೇಳಿ: ಅವಳು ಗೆದ್ದದ್ದು ಒಂದು ಹಾಡಿನಲ್ಲಿ, ನೀವು ಒಂದರಲ್ಲಿ.

ನನ್ನ ಮೆಚ್ಚಿನ ಸಾಲು: ‘ಆಡಲು ಬಂದ ಪಾತರದವಳ ಮದ್ದಲೆ ನುಂಗಿತ್ತ’. ನಾನು ಮೂವತ್ತು ವರ್ಷ ಯಕ್ಷಗಾನ ಮೇಳದಲ್ಲಿ ಮದ್ದಲೆ ಬಾರಿಸಿದವನು. ಈ ಸಾಲು ಸುಳ್ಳಲ್ಲ.
*— ಹೊನ್ನಾವರ*

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಇಷ್ಟು ವರ್ಷ ಪಾಠ ಮಾಡಿದರೂ ನನಗೆ ಹೊಳೆಯದ್ದನ್ನು ನೀವು ಮೂರು ವಾಕ್ಯದಲ್ಲಿ ಹೇಳಿದ್ದೀರಿ.

ಈ ಹಾಡನ್ನು ಒಗಟು ಅಂತಲೇ ನಾವೆಲ್ಲ ಕಲಿಸುತ್ತೇವೆ. ಕೋಳಿ ಕೋಡಗವನ್ನು, ಅಂದರೆ ಮಂಗನನ್ನು, ನುಂಗುವುದು ಆಗದ ಮಾತು. ಆಡು ಆನೆಯನ್ನು ನುಂಗುವುದೂ ಹಾಗೆಯೇ. ಆದರೆ ಪಕ್ಕದ ಸಾಲು ನೋಡಿ. ‘ಗೋಡೆ ಸುಣ್ಣವ ನುಂಗಿ’. ಹೊಸ ಗೋಡೆಗೆ ಸುಣ್ಣ ಬಳಿದವರಿಗೆ ಗೊತ್ತು, ಎಷ್ಟು ಬಳಿದರೂ ಅದು ಕುಡಿಯುತ್ತಲೇ ಇರುತ್ತದೆ. ‘ಒಳ್ಳು ಒನಕೆಯ ನುಂಗಿ’. ಭತ್ತ ಕುಟ್ಟುವಾಗ ಒರಳು ಒನಕೆಯನ್ನು ನುಂಗುವುದನ್ನು ಕಣ್ಣಾರೆ ನೋಡಬಹುದು. ಆಗದ ಮಾತಿನ ಪಕ್ಕ ದಿನಾ ಆಗುವ ಮಾತು ಇಟ್ಟಿದ್ದಾರೆ ಷರೀಫರು. ಪಾತರದವಳನ್ನು, ಅಂದರೆ ಕುಣಿಯುವವಳನ್ನು, ಮದ್ದಲೆ ನುಂಗುವುದೂ ಹಾಗೇ ಅಂತ ನಿಮ್ಮಿಂದ ತಿಳಿಯಿತು. ಪೆಟ್ಟು ಏರಿದ ಹಾಗೆ ಕುಣಿಯುವವರು ಮರೆಯಾಗಿ ಬರೀ ಕುಣಿತ ಉಳಿಯುತ್ತದೆ. ಗುಣವಂತೆಯಲ್ಲಿ ಕೆರೆಮನೆ ಮೇಳದ ಆಟ ನೋಡಿದ ರಾತ್ರಿ ನನಗೂ ಹಾಗೆ ಆಗಿತ್ತು. ಆದರೆ ಈ ಸಾಲು ನೆನಪಾಗಲಿಲ್ಲ.

ನಿಮ್ಮ ಸಾಲಿಗೆ ನನ್ನದೊಂದು ಸೇರಿಸುತ್ತೇನೆ. ಅದೇ ಹಾಡಿನಲ್ಲಿ ಮಗ್ಗದಲ್ಲಿರುವ ಅಣ್ಣನನ್ನು ಕುಣಿ ನುಂಗಿತು ಅಂತ ಬರುತ್ತದೆ. ನವಲಗುಂದದ ಜಮಖಾನ ನೇಯುವ ಮಗ್ಗ ನಿಂತ ಮಗ್ಗ. ಹಾಗಾಗಿ ಕುಣಿ ಏನು ಅಂತ ಚಿಕ್ಕವಳಿದ್ದಾಗ ನನಗೂ ಗೊತ್ತಿರಲಿಲ್ಲ. ಆಮೇಲೆ ಬೇರೆ ಊರಲ್ಲಿ ಕುಣಿಮಗ್ಗ ನೋಡಿದೆ. ನೆಲದಲ್ಲಿ ಗುಂಡಿ. ನೇಕಾರ ಅದರ ಅಂಚಿಗೆ ಕೂತು, ಕಾಲು ಗುಂಡಿಗೆ ಇಳಿಬಿಟ್ಟು ಹಲಗೆ ತುಳಿಯುತ್ತಾನೆ. ಬಾಗಿಲಿನಿಂದ ನೋಡಿದರೆ ಸೊಂಟದ ಮೇಲಿನ ಅರ್ಧ ದೇಹ ಮಾತ್ರ ಕಾಣುತ್ತದೆ. ಉಳಿದರ್ಧ ಕುಣಿಯ ಹೊಟ್ಟೆಯಲ್ಲಿ. ಹಾಡಿನ ಕೊನೆಗೆ ಗೋವಿಂದ ಗುರುವಿನ ಪಾದ ಷರೀಫರನ್ನೇ ನುಂಗುತ್ತದೆ. ಅಷ್ಟು ಹೊತ್ತಿಗೆ ನಮಗೆ ಅದು ಗೋಡೆ ಸುಣ್ಣ ಕುಡಿದಷ್ಟೇ ಸಹಜ ಅನ್ನಿಸಿರುತ್ತದೆ. ಎಂಥ ಕಟ್ಟುವಿಕೆ ನೋಡಿ!

‘ಗುಡುಗುಡಿಯ ಸೇದಿ ನೋಡೊ’ ಹಾಡನ್ನು ಶಾಲೆಯ ಗ್ಯಾದರಿಂಗಿನಲ್ಲಿ ಮಕ್ಕಳಿಂದ ಹಾಡಿಸಬಹುದೇ? ಪಾಲಕರು ಬೇಡ ಅನ್ನುತ್ತಿದ್ದಾರೆ.
*— ಶಿಕ್ಷಕಿ, ಕುಮಟಾ*

ಖಂಡಿತ ಹಾಡಿಸಿ. ಮೊದಲು ಪಾಲಕರನ್ನು ಕೂರಿಸಿ ಅರ್ಥ ಹೇಳಿ. ಗುಡುಗುಡಿ ಅಂದರೆ ಹುಕ್ಕಾ, ನಿಜ. ಆದರೆ ಅದರಲ್ಲಿ ಮನಸ್ಸೇ ಸಂಚಿ, ನೆನಪೇ ಚಿಲುಮೆ, ಬುದ್ಧಿಯೇ ಬೆಂಕಿ. ತೆಗೆದು ಬಿಸಾಡುವುದು ನಮ್ಮ ಒಳಗಿನ ರೋಗವನ್ನು. 2008ರಲ್ಲಿ ಬಂದ ತಂಡದ ಮೊದಲ ಆಲ್ಬಮ್ಮಿನಲ್ಲೇ ಈ ಹಾಡಿದೆ.

ನಾನು ಕಲಿಸುತ್ತಿದ್ದ ಒಂದು ಶಾಲೆಯಲ್ಲಿ ಮಕ್ಕಳು ಹದಿನೈದು ದಿನ ಇದನ್ನು ಕಲಿತಿದ್ದರು. ಗ್ಯಾದರಿಂಗಿನ ಹಿಂದಿನ ಸಂಜೆ, ಭಂಗಿ ಸೇದುವ ಹಾಡು ಬೇಡ ಅಂತ ಹೇಳಿ ತೆಗೆಸಿಬಿಟ್ಟರು. ನಾನು ಸುಮ್ಮನಿದ್ದೆ. ಏಳನೆಯ ತರಗತಿಯ ಒಬ್ಬ ಹುಡುಗಿ ಅಮ್ಮನ ತೆಂಗಿನ ಚಿಪ್ಪು ತಂದು ಗುಡುಗುಡಿ ಮಾಡಿಕೊಂಡಿದ್ದಳು. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದದ್ದು ಇವತ್ತಿಗೂ ಕಣ್ಣಮುಂದಿದೆ. ಆಗಲೇ ನಾಲ್ಕು ಮಾತು ಆಡಬೇಕಿತ್ತು. ನೀವು ಆಡಿ.

ಈ ತಂಡದ ಬಗ್ಗೆ ಸ್ವಲ್ಪ ಹೇಳಿ. ಇಂಥ ಬೇರೆ ತಂಡ ಇದೆಯಾ?
*— ಭಟ್ಕಳ*

ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು. ಮೈಕ್ರೋಬಯಾಲಜಿ ಓದಿದವರು, ಭರತನಾಟ್ಯ ಕಲಿತವರು. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಇವರಿಗೆ ಹೊಸ ಕಲಾವಿದರ ಪ್ರಶಸ್ತಿ ಕೊಟ್ಟಿತು. ಷರೀಫರ ಪದ ಅಲ್ಲಿನ ವೇದಿಕೆಗಳಲ್ಲೂ ಕೇಳಿಸಿತು. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ತಂಡವನ್ನೂ ಕೇಳಿ. ಅವರ ‘ಈ ಭೂಮಿ’ಯಿಂದ ಶುರು ಮಾಡಿ.

ಎಲ್ಲರ ಸಾಲು ಕೇಳುತ್ತೀರಿ. ನಿಮ್ಮದು ಯಾವುದು?
*— ಗೃಹಿಣಿ, ಸಿದ್ದಾಪುರ*

‘ಮೇಲಕ್ಕೇರಿ ಹೋಗಲಾರೆ’. ಮತ್ತೆ ಮಾಳಿಗಿಯ ಹಾಡೇ.

ಅಜ್ಜಿ ಎಪ್ಪತ್ತು ದಾಟುವವರೆಗೂ ತಾನೇ ಏಣಿ ಹತ್ತಿ ಮಾಳಿಗೆಗೆ ಹೋಗುತ್ತಿದ್ದಳು. ಸೀರೆ ಕಚ್ಚೆ ಹಾಕಿ, ಬುಟ್ಟಿ ಮಣ್ಣು ಸುರಿದು, ಬರಿಗಾಲಲ್ಲಿ ತುಳಿಯುತ್ತಿದ್ದಳು. ಆಮೇಲೆ ಮೊಣಕಾಲು ಕೈಕೊಟ್ಟಿತು. ನಾನು ನೋಡಿದ ಕೊನೆಯ ಬೇಸಿಗೆಯಲ್ಲಿ ಸೋದರಮಾವ ಮೇಲೆ ಹತ್ತಿದ್ದ. ಅಜ್ಜಿ ಕೆಳಗೆ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಕಣ್ಣು ಮುಚ್ಚಿಕೊಂಡು, ಅವನ ಹೆಜ್ಜೆಯ ಸದ್ದು ಕೇಳುತ್ತಿದ್ದಳು. ಜಂತಿಯ ಸಂದಿನಿಂದ ಸಣ್ಣಗೆ ಧೂಳು ಉದುರುತ್ತಿತ್ತು. ಅವನು ಮೂಲೆಯ ಹತ್ತಿರ ಬಂದಾಗ ತಟ್ಟನೆ ಕಣ್ಣು ಬಿಟ್ಟು ಕೂಗಿದಳು: “ಅಲ್ಲಿ ಟೊಳ್ಳ ಐತಿ ನೋಡೋ, ಇನ್ನೊಂದ್ ಬುಟ್ಟಿ ಮಣ್ಣ ಹಾಕು.”