‘ಮೊಲೆ ಬಿಡಿಸುವುದು’ ಎಂದರೆ ಏನು?

ತಾಯಿಯ ಹಾಲನ್ನೇ ನೆಚ್ಚಿಕೊಂಡಿರುವ ಮರಿಯನ್ನು ಬೇರೆ ಆಹಾರಕ್ಕೆ ಒಗ್ಗಿಸಿ, ಮೊಲೆಯುಣ್ಣುವ ರೂಢಿ ತಪ್ಪಿಸುವುದಕ್ಕೆ ಈ ಮಾತು. ‘ಹಾಲು ಬಿಡಿಸು’ ಎಂದರೂ ಅದೇ.

ಇಲ್ಲಿ ‘-ಇಸು’ ಪ್ರತ್ಯಯವನ್ನು ಗಮನಿಸಿ. ‘ಕರು ಮೊಲೆ ಬಿಟ್ಟಿತು’ ಎಂದರೆ ತಾನಾಗಿಯೇ ಬಿಟ್ಟಿತು. ‘ಕರುವಿಗೆ ಮೊಲೆ ಬಿಡಿಸಿದರು’ ಎಂದರೆ ಯಾರೋ ಪ್ರಯತ್ನಪಟ್ಟು ಬಿಡಿಸಿದರು. ಮಗುವಿಗೆ ಹಾಲು ಬಿಡಿಸಲು ಎದೆಗೆ ಬೇವಿನ ರಸ ಹಚ್ಚುತ್ತಿದ್ದುದು ಇಂಥದ್ದೇ ಪ್ರಯತ್ನ (ಆ ಕಹಿ ಮುಖವನ್ನು ಊಹಿಸಿಕೊಳ್ಳಿ!). ಕರುವಾದರೆ ಮೊಲೆಗೆ ಬಾಯಿ ಹಾಕದಂತೆ ಬಾಯಿಗೆ ಕುಕ್ಕೆ (ಮೂತಿ ಮುಚ್ಚುವ ಬುಟ್ಟಿ) ಕಟ್ಟುತ್ತಾರೆ.

ಇದೇ ಅರ್ಥದ ಪಠ್ಯಪುಸ್ತಕದ ಪದ ‘ಸ್ತನ್ಯತ್ಯಾಗ’ ಕೊಟ್ಟಿಗೆಯಲ್ಲಿ ಯಾರಿಗೂ ಅರ್ಥವಾಗದು. ‘ಹಾಲು ಬತ್ತಿಸುವುದು’ ಮಾತ್ರ ಬೇರೆ: ಅದು ಗಬ್ಬದ ಹಸುವಿನ ಕರಾವನ್ನು ಮುಂದಿನ ಕರು ಹಾಕುವ ಸುಮಾರು 2 ತಿಂಗಳ ಮೊದಲು ನಿಲ್ಲಿಸುವ ಕೆಲಸ.