ದಾಲ್ ಮಿಲ್‌ನ ವಿಡಿಯೊ ಚಿತ್ರೀಕರಣಕ್ಕೆ ನಮ್ಮ ಕಡೆಯಿಂದ ಏನು ತಯಾರಿ ಬೇಕು?

ಕಲಬುರಗಿಯ ದಾಲ್ ಮಿಲ್ ಒಂದರ ಕಚೇರಿಯಲ್ಲಿದ್ದೀರಿ, ಕಂಪನಿಯ ವಿಡಿಯೊ ಮಾಡಲು ಹೈದರಾಬಾದಿನ ತಂಡ ಬರಲಿದೆ, ಸಾಹುಕಾರರು ತಯಾರಿಯನ್ನೆಲ್ಲ ನಿಮ್ಮ ತಲೆಗೆ ಕಟ್ಟಿದ್ದಾರೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಗೋಡೆಯ ಕ್ಯಾಲೆಂಡರಿನಿಂದ ಶುರು ಮಾಡಿ.

ನಾನು ಮದುವೆ ವಿಡಿಯೊ ಬಿಟ್ಟು ಈ ಕೆಲಸಕ್ಕೆ ಬಂದ ಹೊಸತು. ಬೆಂಗಳೂರಿನ ತಂಡವೊಂದಕ್ಕೆ ಸಹಾಯಕನಾಗಿದ್ದೆ. ಅವರು ಗೊತ್ತು ಮಾಡಿದ ತಾರೀಖು ಎಳ್ಳಮಾವಾಸ್ಯೆ ಎಂದು ನನಗೆ ತಿಳಿದಿತ್ತು. ದೊಡ್ಡವರು ವಿಚಾರಿಸದೆ ಇಟ್ಟಿರುತ್ತಾರೆಯೇ ಎಂದು ಬಾಯಿ ಬಿಡಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಮಿಲ್ಲಿನ ಅಂಗಳದಲ್ಲಿ ಕಾವಲುಗಾರ ಒಬ್ಬನೇ ಕುಳಿತಿದ್ದ. ಹಮಾಲರು, ಗುಮಾಸ್ತರು, ಮಿಸ್ತ್ರಿ ಎಲ್ಲರೂ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಹೊಲಕ್ಕೆ ಹೋಗಿದ್ದರು. ಕ್ಯಾಮೆರಾ, ಲೈಟುಗಳ ಒಂದು ದಿನದ ಬಾಡಿಗೆ ನೀರುಪಾಲು. ನಮಗೆ ದಕ್ಕಿದ್ದು ಸಾಹುಕಾರರ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿಯ ಊಟ ಮಾತ್ರ.

ಬರುವವರಿಗೆ ಕ್ಯಾಮೆರಾ ಗೊತ್ತು, ನಿಮ್ಮ ಮಿಲ್ಲಿನ ದಿನಚರಿ ಗೊತ್ತಿಲ್ಲ. ಅದನ್ನು ಒಂದು ಹಾಳೆಯಲ್ಲಿ ಬರೆದು ಮುಂಚೆಯೇ ಕಳುಹಿಸಿ. ಲಾರಿ ಯಾವಾಗ ಬರುತ್ತದೆ, ಯಂತ್ರ ಎಷ್ಟು ಹೊತ್ತಿಗೆ ಓಡುತ್ತದೆ, ಊಟದ ಬಿಡುವು ಯಾವಾಗ, ಎಣ್ಣೆ ಸವರಿದ ತೊಗರಿಯನ್ನು ಬಿಸಿಲಿಗೆ ಹರಡುವುದು ಯಾವ ದಿನ. ನಿಮ್ಮಲ್ಲಿ ಇನ್ನೂ ಅಂಗಳದಲ್ಲೇ ಒಣಗಿಸುವ ಪದ್ಧತಿ ಇದ್ದರೆ ವಿಡಿಯೊದ ಜೀವ ಅಲ್ಲೇ ಇದೆ. ಬೆಳಿಗ್ಗೆ ಓರೆ ಬಿಸಿಲಿನಲ್ಲಿ ಕಾಳು ತಿರುವಿದ ಗೆರೆಗೆರೆಗೂ ನೆರಳು ಬಿದ್ದು, ಉತ್ತ ಹೊಲದ ಹಾಗೆ ಕಾಣುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅದೇ ಅಂಗಳ ಬರೀ ಚಾಪೆ. ಏಪ್ರಿಲ್, ಮೇ ತಿಂಗಳಾದರೆ ಆ ಹೊತ್ತಿಗೆ ಕ್ಯಾಮೆರಾವೇ ಬಿಸಿಯೇರಿ ನಿಂತುಬಿಡುವುದೂ ಉಂಟು.

ಇನ್ನು ಸದ್ದು. ಜನ ಚಿತ್ರದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ವಿಡಿಯೊ ಹಾಳಾಗುವುದು ಹೆಚ್ಚಾಗಿ ಸದ್ದಿನಿಂದ. ಯಂತ್ರ ಓಡುವಾಗ ಸಾಹುಕಾರರನ್ನು ಮಾತನಾಡಿಸಬೇಡಿ. ಮಧ್ಯದಲ್ಲಿ ನಿಲ್ಲಿಸಿ ಎಂದರೆ ಮಿಸ್ತ್ರಿ ಸಿಡುಕುತ್ತಾನೆ, ಅವನದು ತಪ್ಪಲ್ಲ, ಒಳಗಿರುವ ಕಾಳು ಖಾಲಿಯಾಗದೆ ನಿಲ್ಲಿಸುವುದು ಸುಲಭವಲ್ಲ. ಊಟದ ಬಿಡುವಿಗೆ ಸಂದರ್ಶನ ಇಟ್ಟುಕೊಳ್ಳಿ. ಆಗ ಫ್ಯಾನು, ಕೂಲರನ್ನೂ ಆರಿಸಬೇಕು. ಐದು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟುತ್ತದೆ, ಅದೇ ಬಣ್ಣದ ಇನ್ನೊಂದು ಅಂಗಿ ತರಲು ಅವರಿಗೆ ಹೇಳಿಡಿ.

ಸಾಹುಕಾರರ ಕೈಗೆ ಬರೆದ ಭಾಷಣ ಕೊಡಬೇಡಿ, ಇದು ನನ್ನ ಹಟ. ‘ನಮ್ಮ ಸಂಸ್ಥೆಯು ಗುಣಮಟ್ಟಕ್ಕೆ ಬದ್ಧವಾಗಿದೆ’ ಎಂಬ ಒಂದೇ ವಾಕ್ಯವನ್ನು ಹದಿನಾಲ್ಕು ಸಲ ಹೇಳಿಸಿದ ಪಾಪ ನನ್ನ ಮೇಲಿದೆ. ಅದರ ಬದಲು ಮುಂದೆ ಒಂದು ತಟ್ಟೆಯಲ್ಲಿ ತೊಗರಿ ಇಟ್ಟು, ‘ಇದು ಒಣಗಿದೆಯೋ ಇಲ್ಲವೋ ಹೇಗೆ ಹೇಳುತ್ತೀರಿ ಸಾಹುಕಾರರೆ?’ ಎಂದು ಕೇಳಿ. ಕಾಳನ್ನು ಹಲ್ಲಿನಲ್ಲಿ ಕಟಕ್ಕೆಂದು ಕಚ್ಚಿ ತೋರಿಸುತ್ತಾರೆ, ಮಾತು ತಾನೇ ಹೊರಡುತ್ತದೆ. ಅವರ ಕಲಬುರಗಿ ಮಾತನ್ನು ತಿದ್ದಬೇಡಿ.

ಬೇಳೆಯನ್ನು ಟ್ಯೂಬ್‌ಲೈಟಿನ ಕೆಳಗಲ್ಲ, ಬಾಗಿಲ ಬಳಿಯ ಬೆಳಕಿನಲ್ಲಿ ತೋರಿಸಿ. ಹಳದಿಗೆ ಹಸಿರು ಕಂಡರೆ ಕೊಳ್ಳುವವನು ಮೂಗು ಮುರಿಯುತ್ತಾನೆ. ನಿಮ್ಮವರು ಮೊಬೈಲಿನಲ್ಲಿ ತೆಗೆದ ತುಣುಕುಗಳೂ ಸೇರುವುದಾದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇರಲಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಮೊಬೈಲಿನಲ್ಲಿ ಸಾಮಾನ್ಯವಾಗಿ ಇರುವ 30ರಲ್ಲಿ ತೆಗೆದರೆ ದೀಪದ ಕೆಳಗೆ ಪಟ್ಟೆಗಳು ಓಡಾಡಬಹುದು.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ, ವಿಡಿಯೊದಲ್ಲಿ ಅದನ್ನು ಹಾಕೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಮ್ಮ ಮಿಲ್ಲು ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಂಡಿದ್ದರೆ ಮಾತ್ರ ಹಾಕಿ. ತೋರಿಸುವ ಪೊಟ್ಟಣದ ಮೇಲೆ ಹಳೆಯ ತಾರೀಖು, ಹಳೆಯ ಬೆಲೆ ಇರದಂತೆ ನೋಡಿ.

ಕೆಲಸಗಾರರನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು, ಮೊದಲೇ ಕೇಳಿ. ಬೇಡ ಎಂದವರನ್ನು ಬಿಟ್ಟುಬಿಡಿ. ಟೋಪಿ, ಮಾಸ್ಕನ್ನು ವಾರ ಮುಂಚೆಯೇ ಕೊಟ್ಟು ಬಳಸಲು ಹೇಳಿ, ಆ ದಿನವೇ ಕೊಟ್ಟರೆ ಮಡಿಕೆಯ ಗೆರೆಯೇ ಎಲ್ಲ ಹೇಳುತ್ತದೆ.

ಡ್ರೋನ್ ಹಾರಿಸುವುದಾದರೆ ಸರ್ಕಾರದ ಡ್ರೋನ್ ನಕ್ಷೆಯಾದ ಡಿಜಿಟಲ್ ಸ್ಕೈನಲ್ಲಿ ನಿಮ್ಮ ಜಾಗ ಹಸಿರೋ (ಅನುಮತಿ ಬೇಡ) ಹಳದಿಯೋ (ಅನುಮತಿ ಬೇಕು) ಎಂದು ತಂಡದವರೇ ನೋಡಲಿ, ಊರಿಗೆ ವಿಮಾನ ನಿಲ್ದಾಣ ಬಂದ ಮೇಲೆ ಮೊದಲಿನ ಸಲೀಸು ಇಲ್ಲ.

ಇಷ್ಟಾದ ಮೇಲೆ ಹಿಂದಿನ ದಿನದ ಪತ್ರಿಕೆಯಲ್ಲಿ ‘ವಿದ್ಯುತ್ ವ್ಯತ್ಯಯ’ ಎಂಬ ಸಣ್ಣ ಸುದ್ದಿಯಲ್ಲಿ ನಿಮ್ಮ ಬಡಾವಣೆಯ ಹೆಸರಿದೆಯೇ ನೋಡಿ. ಹಾಗೆಯೇ ಸಂದರ್ಶನದ ಕೋಣೆಯ ಗೋಡೆಯಿಂದ ಆ ಕ್ಯಾಲೆಂಡರನ್ನು ತೆಗೆದಿಡಿ, ಇಲ್ಲದಿದ್ದರೆ ಜನವರಿಗೆ ನಿಮ್ಮ ವಿಡಿಯೊ ಹಳತಾಗುತ್ತದೆ.